ಬರಿ ಮಣ್ಣು ಬಿಟ್ಟರೆ ಕಾಂಗ್ರೆಸ್ ಕಸವೇ ಬರುತ್ತದೆ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮದು ಸಣ್ಣ ಕಾರ್ಖಾನೆ. ಶೆಡ್ಡಿನ ಹಿಂದೆ ಒಂದು ಎಕರೆ ಖಾಲಿ ಜಾಗ, ಪೂರ್ತಿ ಕಾಂಗ್ರೆಸ್ ಕಸ (ಪಾರ್ಥೇನಿಯಂ). ವರ್ಷಕ್ಕೆ ಎರಡು ಸಲ ಔಷಧಿ ಹೊಡೆಸುತ್ತೇವೆ, ಮತ್ತೆ ಬರುತ್ತದೆ. ಕೈಯಿಂದ ಕೀಳಿಸಿ ಅಂತ ನೀವು ಬರೆಯುತ್ತೀರಿ. ಆಳು ಎಲ್ಲಿ ಸಿಗುತ್ತಾರೆ? ಕಾರ್ಖಾನೆ ನಡೆಸೋದಾ, ಕಸ ಕೀಳೋದಾ?’

ನಿಮ್ಮ ಕಷ್ಟ ಸುಳ್ಳಲ್ಲ. ಆಳು ಸಿಗುವುದಿಲ್ಲ, ಔಷಧಿ ಬೇಗ ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ ‘ಮತ್ತೆ ಬರುತ್ತದೆ’ ಅಂತ ನೀವೇ ಬರೆದಿದ್ದೀರಲ್ವಾ?

ಒಂದೊಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮೊಳಕೆಯೊಡೆದು ತಿಂಗಳು, ಒಂದೂವರೆ ತಿಂಗಳಿಗೆ ಹೂವು. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತದೆ. ನಿಮ್ಮ ಔಷಧಿ ನಿಂತ ಗಿಡವನ್ನು ಒಣಗಿಸುತ್ತದೆ, ಮಣ್ಣೊಳಗಿನ ಬೀಜವನ್ನು ಮುಟ್ಟುವುದಿಲ್ಲ. ನೆಲ ಬೋಳಾಗುತ್ತದೆ, ಬೋಳು ನೆಲವೇ ಈ ಕಸಕ್ಕೆ ಬೇಕಾದದ್ದು. ಜೆಸಿಬಿ ಕೆರೆದ ಜಾಗ, ಟಿಪ್ಪರಿನಲ್ಲಿ ತಂದು ಸುರಿದ ಮಣ್ಣು, ವರ್ಷಗಟ್ಟಲೆ ಬೀಗ ಹಾಕಿಟ್ಟ ಪ್ಲಾಟು, ಕೈಗಾರಿಕಾ ಪ್ರದೇಶದಲ್ಲಿ ಇವಕ್ಕೇನು ಕೊರತೆ? ಇನ್ನೊಂದು ವಿಷಯ. ನೀವು ಹೊಡೆಸುವುದು ಗ್ಲೈಫೋಸೇಟ್ ಆಗಿದ್ದರೆ, 2022ರಿಂದ ಅದನ್ನು ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು. ವಾಚ್‌ಮನ್ ಕೈಗೆ ಪಂಪು ಕೊಡಬೇಡಿ.

ವಾಚ್‌ಮನ್ ಅಂದ ಕೂಡಲೇ ಒಬ್ಬರು ನೆನಪಾಗುತ್ತಾರೆ. ನನ್ನ ಅಣ್ಣ ದುಡಿಯುತ್ತಿದ್ದ ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಅಜ್ಜ ಇದ್ದರು. ಗೇಟಿನ ಎರಡೂ ಕಡೆ ಎದೆಮಟ್ಟ ಕಾಂಗ್ರೆಸ್ ಕಸ. ಅದು ತಾಗಿ ತಾಗಿ ಮೊದಲು ಕೈ, ಆಮೇಲೆ ಕುತ್ತಿಗೆ, ಕಣ್ಣಿನ ರೆಪ್ಪೆ, ಚರ್ಮ ಕಪ್ಪಾಗಿ ದಪ್ಪಗಾಗಿ ಬಿರಿದಿತ್ತು. ರಾತ್ರಿಯೆಲ್ಲ ಕೆರೆತ. ಆಫೀಸಿನ ಮುಂದಿನ ಲಾನಿಗೆ ಇಬ್ಬರು ಮಾಲಿಗಳಿದ್ದರು, ಗೇಟಿನ ಕಸಕ್ಕೆ ಒಬ್ಬರೂ ಇರಲಿಲ್ಲ. ನಾನು ಇದನ್ನೇ ಪದೇಪದೇ ಬರೆಯುವುದು ಅವರಿಗಾಗಿ.

ಹಾಗಾದರೆ ಮಾಡುವುದೇನು? ಬರಿ ಮಣ್ಣು ಬಿಡಬೇಡಿ. ಮದ್ದು ನಿಮ್ಮೂರಲ್ಲೇ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪನವರು ತಗಚೆ ಜಾತಿಯ ಗಿಡ ಬೆಳೆಸಿ ಈ ಕಸವನ್ನು ಹಿಂದೆ ಸರಿಸಿ ಎಂದು ಒತ್ತಿ ಹೇಳಿದವರು. ಮುಂಗಾರಿಗೆ ಮೊದಲು ಬೀಜ ಚೆಲ್ಲಿದರೆ ಅದು ದಟ್ಟವಾಗಿ ಎದ್ದು ಕಾಂಗ್ರೆಸ್ ಸಸಿಗೆ ಬಿಸಿಲೇ ಸಿಗದಂತೆ ಮಾಡುತ್ತದೆ.

ಜೊತೆಗೆ ಮೆಕ್ಸಿಕನ್ ದುಂಬಿ ಇದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬಿಟ್ಟರು. ಅದರ ಮರಿಹುಳುವೂ ದುಂಬಿಯೂ ಕಾಂಗ್ರೆಸ್ ಕಸದ ಎಲೆ ತಿನ್ನುತ್ತವೆ. ಆಮೇಲೆ ಸೂರ್ಯಕಾಂತಿಯ ಮೇಲೆ ಕಂಡಾಗ ದೊಡ್ಡ ಗಲಾಟೆಯಾಯಿತು. ನೋಡಿದರೆ ಸೂರ್ಯಕಾಂತಿ ಎಲೆಯ ಮೇಲೆ ಕಾಂಗ್ರೆಸ್ ಕಸದ ಪರಾಗ ಬಿದ್ದಿತ್ತು, ದುಂಬಿ ಅದಕ್ಕೆ ಬಾಯಿ ಹಾಕಿತ್ತು! ಮಳೆಗಾಲದಲ್ಲಿ ನಿಮ್ಮ ಜಾಗದಲ್ಲೂ ಹುಡುಕಿ, ಕಂಡ ಕಡೆ ಔಷಧಿ ಬೇಡ.

ಉಳಿದದ್ದನ್ನು ಕೀಳಿಸಲೇಬೇಕು. ಮಳೆ ಬಂದ ಮಾರನೇ ದಿನ, ಹೂವಾಗುವ ಮೊದಲು, ಬೇರು ಸಮೇತ. ಮೇಲೆ ಮೇಲೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೀಳುವವರಿಗೆ ಕೈಗವಸು, ತುಂಬು ತೋಳಿನ ಅಂಗಿ, ಮುಖಕ್ಕೆ ಬಟ್ಟೆ ಕೊಡಿ. ಹೂವಾಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಪಕ್ಕದ ಪ್ಲಾಟಿನವರು ಸುಮ್ನೆ ಇದ್ದರೆ ನಿಮ್ಮ ಶ್ರಮ ಅರ್ಧ ವ್ಯರ್ಥ, ಅದು ನನಗೂ ಗೊತ್ತು. 1975ರಲ್ಲೇ ನಮ್ಮ ರಾಜ್ಯ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತ್ತು. ಇಷ್ಟು ವರ್ಷ ಕಳೆದರೂ ಖಾಲಿ ಪ್ಲಾಟಿನ ಮಾಲೀಕರನ್ನು ಕೇಳುವವರಿಲ್ಲ. ಜಾಗದ ಬೆಲೆ ಏರಲಿ ಅಂತ ಕಾಯುತ್ತಾರೆ, ಅಲ್ಲಿಯವರೆಗೆ ಅವರ ಬೀಜ ನಿಮ್ಮ ಶೆಡ್ಡಿಗೂ ಹಳ್ಳಿಯ ಹೊಲಕ್ಕೂ ಹಾರುತ್ತದೆ. ನಿಮ್ಮ ಕೈಗಾರಿಕಾ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ತಗಚೆ ಬೀಜ ಚೆಲ್ಲಿದ ಮೇಲೆ, ಶ್ರಾವಣದ ಹೊತ್ತಿಗೆ ಆ ಒಂದು ಎಕರೆ ಹೇಗಿದೆ ಅಂತ ಫೋಟೋ ಸಮೇತ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ.