ಜರ್ಮನಿಗೆ ಇಂಟರ್‌ನ್ಯಾಷನಲ್ ಪರ್ಮಿಟ್: ಅರ್ಜಿ ಯಾಕೆ ವಾಪಸ್ ಬಂತು?

ಜರ್ಮನಿಯಲ್ಲಿ ಗಾಡಿ ಓಡಿಸೋಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು ಅಂತ ಬಾಗಲಕೋಟೆಯಿಂದ ಹಾಕಿದ ಅರ್ಜಿ ಯಾಕೆ ವಾಪಸ್ ಬಂತು ಅಂತ ಕೇಳಿದ್ದೀರಿ. ಅದಕ್ಕೆ ಬಹುಶಃ ಹೆಸರೇ ಕಾರಣ. ಡಿಎಲ್‌ನಲ್ಲಿ ‘ಬಸವರಾಜ ಎಸ್’ ಅಂತಷ್ಟೇ ಇದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ ಇವೆ ಅಂದಿರಲ್ವಾ? ನಮ್ಮ ಕಡೆ ಈ ತಾಪತ್ರಯ ಜಾಸ್ತಿ, ನನಗೂ ಆಗಿತ್ತು. ಮೊದಲು ಸರ್ಕಾರದ ಲೈಸೆನ್ಸ್ ಸೇವೆಗಳ ‘ಸಾರಥಿ’ ಪೋರ್ಟಲ್‌ನಲ್ಲಿ ಡಿಎಲ್ ಹೆಸರು ತಿದ್ದಿಸಿ. ಹೊಸ ಕಾರ್ಡ್ ಬಂದ ಮೇಲೆ ಪಾಸ್‌ಪೋರ್ಟ್, ವೀಸಾ ಇಟ್ಟು ಪರ್ಮಿಟ್ ಅರ್ಜಿಯಾದ ಫಾರ್ಮ್ 4ಎ ಹಾಕಿ. ಶುಲ್ಕ 1000 ರೂಪಾಯಿ.

ಹೊರಡೋ ದಿನ ಹತ್ತಿರ ಬಂದಿದ್ದರೆ ಸುಮ್ನೆ ಓಡಾಡಬೇಡಿ. ಡಿಎಲ್‌ನ ಪ್ರಮಾಣಿತ ಜರ್ಮನ್ ಅನುವಾದ ಪರ್ಮಿಟ್ ಬದಲು ಇದ್ದರೂ ಜರ್ಮನಿಯಲ್ಲಿ ನಡೆಯುತ್ತದೆ. ಯಾವುದೇ ಆದರೂ ಮೂಲ ಡಿಎಲ್ ಕಾರ್ಡ್ ಜೇಬಿನಲ್ಲಿರಬೇಕು. ಪರ್ಮಿಟ್ ಒಂದು ವರ್ಷದ್ದು ಅಂತ ನೆಚ್ಚಿಕೊಳ್ಳಬೇಡಿ: ಅಲ್ಲಿ ವಾಸ ಶುರುವಾಗಿ 6 ತಿಂಗಳಾದ ಮೇಲೆ ಜರ್ಮನ್ ಲೈಸೆನ್ಸೇ ಬೇಕು. ಅದಕ್ಕೆ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಇವೆ.