ಕೊಡಗಿನಲ್ಲಿ ಆಸಕ್ತರೇ ವಿರಳ. ಕ್ರಯಾನಿಕ್ಸ್ (ಮುಂದೊಂದು ದಿನ ಬದುಕಿಸಬಹುದೆಂಬ ಆಸೆಯಿಂದ ಸತ್ತವರ ದೇಹವನ್ನು ಅತಿ ಶೀತದಲ್ಲಿ ಕಾದಿಡುವುದು) ಗುಂಪು ಕಟ್ಟುವುದು ಹೇಗೆ?

ಮೂರ್ನಾಲ್ಕು ಜನ ಸಾಕು. ತೀರಿಕೊಂಡವರ ದೇಹವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾದಿಡುವುದು ಅಮೆರಿಕದ ಆಲ್ಕೋರ್‌ನಂಥ ಸಂಸ್ಥೆಗಳ ಕೆಲಸ; ಸ್ಥಳೀಯ ಗುಂಪಿನದು ಮೊದಲ ಕೆಲವು ಗಂಟೆಗಳು. ಮೈ ಬಿಸಿ 10 ಡಿಗ್ರಿ ಇಳಿದರೆ ಜೀವಕೋಶ ಕೆಡುವ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಅದಕ್ಕೇ ಅವಸರ. ವೈದ್ಯರು ಸಾವು ದೃಢಪಡಿಸಿದೊಡನೆ ತಲೆ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಬೇಕು. ಗಟ್ಟಿ ತುಂಡುಗಳಿಗಿಂತ ನೀರು ಬೆರೆಸಿದ ಪುಡಿ ಐಸ್ ಮೈಗೆ ಅಂಟಿ ಬೇಗ ತಣಿಸುತ್ತದೆ. ಫ್ರೀಜರಿನಲ್ಲಿ ಮಾತ್ರ ಹೆಪ್ಪುಗಟ್ಟಿಸಬೇಡಿ. ಮಂಜಿನ ಹರಳುಗಳು ಕೋಶಗಳನ್ನು ಸೀಳುತ್ತವೆ.

ದೇಹವನ್ನು ಅಲ್ಲಿಗೆ ವಿಮಾನದಲ್ಲಿ ಕಳಿಸಬೇಕು, ಆದರೆ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. 2018ರ ಆಗಸ್ಟಿನಂತೆ ಗುಡ್ಡ ಕುಸಿದರೆ ಮಡಿಕೇರಿ–ಮಂಗಳೂರು ರಸ್ತೆಯೂ ಮುಚ್ಚುತ್ತದೆ. ಮೈಸೂರು, ಕಣ್ಣೂರು ದಾರಿಗಳನ್ನೂ ಗೊತ್ತುಮಾಡಿಡಿ. ಪ್ರಚಾರಕ್ಕಿಂತ ಮೊದಲು ಮನೆಯವರ ಲಿಖಿತ ಒಪ್ಪಿಗೆ ಪಡೆಯಿರಿ. ಈವರೆಗೆ ಯಾರೂ ಮರಳಿ ಬದುಕಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ.