ಪ್ರತಿಕ್ರಿಯೆ: ಮುಹಲ್ಲಬಿಯಾ ಬೇಡ, ಮೆಗ್ಲಿ ಮಾಡಿ

ಚೀನಾದ ತಾವೋ ಧರ್ಮದ ಆಹಾರ ಪದ್ಧತಿ ಹಿಡಿದು ಹಾಲು, ಬಿಳಿ ಸಕ್ಕರೆ ಬಿಟ್ಟಿರುವ ಗೆಳತಿಗೆ ಮುಹಲ್ಲಬಿಯಾ (ಅರಬ್ ನಾಡುಗಳ ಹಾಲಿನ ಪುಡ್ಡಿಂಗ್) ಹೇಗೆ ಮಾಡೋದು ಅಂತ ಕೇಳಿದ್ದೀರಿ. ಬಾದಾಮಿ ಹಾಲಿನಲ್ಲಿ ಮಾಡಬಹುದು. ಆದರೆ ಆ ಸಿಹಿಯ ರುಚಿಯೆಲ್ಲ ಹಾಲಿನದ್ದೇ ಅಲ್ವಾ? ನನ್ನ ಕೇಳಿದರೆ ಮೆಗ್ಲಿ ಮಾಡಿ. ಲೆಬನಾನ್‌ನಲ್ಲಿ ಮಗು ಹುಟ್ಟಿದಾಗ ಬಂದವರಿಗೆ ಕೊಡುವ ಪುಡ್ಡಿಂಗ್ ಇದು. ಇದಕ್ಕೆ ಹಾಲೇ ಹಾಕಲ್ಲ.

ಅರ್ಧ ಕಪ್ ಅಕ್ಕಿ ಹಿಟ್ಟನ್ನು 4 ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಂದು ದೊಡ್ಡ ಚಮಚ ಕ್ಯಾರವೇ (ಜೀರಿಗೆಯಂತೆ ಕಾಣುವ ಮಸಾಲೆ ಕಾಳು) ಪುಡಿ, ಅರ್ಧರ್ಧ ಚಮಚ ಚಕ್ಕೆ ಪುಡಿ, ಸೋಂಪಿನ ಪುಡಿ ಸೇರಿಸಿ ಒಲೆಗಿಡಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವಬೇಕು. ಕೈ ನೋಯುತ್ತೆ, ನಿಜ. ಅವಸರ ಮಾಡಿದರೆ ಹಸಿ ಹಿಟ್ಟಿನ ವಾಸನೆ ಹೋಗಲ್ಲ. ಸಕ್ಕರೆ ಬದಲು ಖರ್ಜೂರದ ಪಾಕವನ್ನು ಕೊನೆಯಲ್ಲಿ ಹಾಕಿ. ತಣ್ಣಗಾದ ಮೇಲೆ ನೆನೆಸಿದ ಬಾದಾಮಿ, ವಾಲ್‌ನಟ್, ಕೊಬ್ಬರಿ ತುರಿ ಉದುರಿಸಿ.

ಧಾನ್ಯ ತಿನ್ನುತ್ತಾರಾ ಅಂತ ಮಾತ್ರ ಮೊದಲೇ ಕೇಳಿ. ತಾವೋದವರೆಲ್ಲ ಒಂದೇ ಥರ ಅಲ್ಲ. ಚ್ವಾನ್‌ಚೆನ್ ಪಂಥದ ಸನ್ಯಾಸಿಗಳು ಸಸ್ಯಾಹಾರಿಗಳು, ಬೆಳ್ಳುಳ್ಳಿಯೂ ಆಗಲ್ಲ, ಅನ್ನಕ್ಕೆ ಅಡ್ಡಿಯಿಲ್ಲ. ಆದರೆ ಬಿಗು ಎಂಬ ಹಳೆಯ ವ್ರತದಲ್ಲಿ ಧಾನ್ಯವೇ ವರ್ಜ್ಯ. ಮೈಯೊಳಗೆ ಕೆಡುಕು ಮಾಡುವ ಮೂರು ಜೀವಿಗಳು ಧಾನ್ಯದಿಂದಲೇ ಬಲಿಯುತ್ತವೆ ಅನ್ನೋ ನಂಬಿಕೆ. ಹಾಗಿದ್ದರೆ ಅಕ್ಕಿ ಬಿಟ್ಟು ತಾವರೆ ಗೆಡ್ಡೆಯ ಹಿಟ್ಟು ತನ್ನಿ. ಚೀನಾದ ಹಾಂಗ್‌ಝೌ ಇದಕ್ಕೆ ಹೆಸರುವಾಸಿ. ಮಸಾಲೆಯ ನೀರು ಮೊದಲು ಚೆನ್ನಾಗಿ ಕುದಿಯಲಿ. ತಣ್ಣೀರಿನಲ್ಲಿ ಕದಡಿದ ಹಿಟ್ಟನ್ನು ಆಮೇಲೆ ಸುರಿಯಿರಿ, ಬೇಗ ಗಟ್ಟಿಯಾಗುತ್ತೆ.